ಒಲೆಯ ಸುತ್ತ ದೇವರುಗಳು

“ಕಥಿ ಚಲೋ ಐತ್ವಾ ತಂಗಿ, ಆದ್ರ ಕೊನಿ ಎಲ್ಲೈತಿ? ಮೊದಲನೇ ಸಾಲನ್ನ ತಂದು ಕಡೀಕೂ ಬರದೀಯಲ್ಲ! ನವ್ಯ ಅಂದ್ರ ಹಿಂಗೇನು?”

ಬರೋಡಾ ಕನ್ನಡ ಸಂಘದ ಕಾರ್ಯದರ್ಶಿ ಲಿಂಗರಾಜ ಹಾಳೆಗಳನ್ನು ಕಥೆ ಬರೆದ ಗಿರಿಜೆಗೆ ಮರಳಿಸಿ, ಮನೆಯೊಡತಿ ಇಂದುಮತಮ್ಮನ ತಟ್ಟೆಯಿಂದ ಇನ್ನೊಂದು ಕೋಡುಬಳೆ ಎತ್ತಿಕೊಂಡರು. ೧೯೬೭ರ ರಾಜ್ಯೋತ್ಸವದಲ್ಲಿ ಯಾರು ಏನು ಓದಬೇಕೆಂದು ಹೇಳುವವರು ಅವರೇ. ಆ ವೇದಿಕೆಯಲ್ಲಿ ಇದುವರೆಗೆ ಹೆಂಗಸರ ಪಾಲಿಗೆ ಬಂದದ್ದು ಸ್ವಾಗತಗೀತೆಯೊಂದೇ.

“ಬೇಕಂತಲೇ ಬರೆದದ್ದು ಸಾರ್,” ಎಂದಳು ಗಿರಿಜೆ. “ಮೆಕ್ಸಿಕೋದ ಅಜ್ಟೆಕ್ ಜನರ ಪುರಾಣದಲ್ಲಿ ಸೂರ್ಯ ನಾಲ್ಕು ಸಲ ಸತ್ತಿದ್ದಾನೆ, ಈಗಿನವನು ಐದನೆಯವನು. ಅವರ ಕಾಲ ನೆಟ್ಟಗೆ ಹೋಗಲ್ಲ, ಸುತ್ತುತ್ತೆ. ಕಥೆಯೂ ಹಾಗೇ ಸುತ್ತಲಿ ಅಂತ.”

“ಮಂದಿ ಎದ್ದು ಹೋಗ್ತಾರವಾ!”

“ನಿಮ್ಮ ಕೈಲಿರೋ ಕೋಡುಬಳೆಗೆ ಕೊನೆ ಎಲ್ಲಿದೆ ಲಿಂಗರಾಜಪ್ಪನೋರೇ?” ಎಂದರು ಇಂದುಮತಮ್ಮ. “ನೀವೇನೂ ಎದ್ದು ಹೋಗ್ಲಿಲ್ವಲ್ಲ! ಓದೇ ಗಿರಿಜಾ.”

ಲಿಂಗರಾಜರಿಗೆ ಅಹಮದಾಬಾದಿನ ಗಾಡಿ ಹಿಡಿಯಬೇಕಿತ್ತು. ಹೊಸ್ತಿಲಾಚೆ ಹೋಗಿ ಚಪ್ಪಲಿ ಮೆಟ್ಟಿದರು. “ನಿಂತ ಕೇಳ್ತೀನಿ. ಬ್ಯಾಸರಾದ್ರ ನಾ ಹೊಂಟೆ. ನಾ ಹೊಂಟೆ ಅಂದ್ರ ಕಥಿನೂ ಹೊಂಟಂಗ.”

ಗಿರಿಜೆ ಓದತೊಡಗಿದಳು. “ಒಲೆ ಹೊತ್ತಲಿಲ್ಲ. ಸುತ್ತ ಕೂತ ದೇವರುಗಳು ಒಬ್ಬರ ಮುಖ ಒಬ್ಬರು ನೋಡಿದರು.” ಬರೋಡಾದ ವಠಾರವೊಂದರಲ್ಲಿ ನಸುಕಿಗೇ ಎದ್ದು ಇದ್ದಿಲೊಲೆ ಊದುವ ಹೆಂಗಸು, ಅವಳ ಹೊಗೆಯೊಳಗೆ ಅಜ್ಟೆಕ್ ದೇವರುಗಳು. ಯಾರಾದರೊಬ್ಬರು ಬೆಂಕಿಗೆ ಹಾರಿದರೆ ಮಾತ್ರ ಬೆಳಗಾದೀತು. ಮೈತುಂಬ ಒಡವೆಯ ದೇವರು ನಾಲ್ಕು ಸಲ ಓಡಿ ಬಂದು ನಾಲ್ಕು ಸಲವೂ ಹಿಂಜರಿದ. ಮೈತುಂಬ ಹುಣ್ಣಾಗಿ, ಯಾರೂ ಪಕ್ಕಕ್ಕೆ ಕೂರಿಸಿಕೊಳ್ಳದ ಇನ್ನೊಬ್ಬ, ಕಣ್ಣು ಮುಚ್ಚಿ ಹಾರಿಯೇಬಿಟ್ಟ. ಸೂರ್ಯ ಹುಟ್ಟಿದ. ಚಹಾ ಕುದಿಯಿತು, ಗಂಡ ಗಿರಣಿಗೆ ಹೋದ, ಹಗಲು ಸವೆಯಿತು. ಸೂರ್ಯ ಕೆಂಡವಾಗಿ, ಬೂದಿಯಾಗಿ ಆರಿದ. ಹೆಂಗಸು ಬೂದಿ ಕೊಡವಿದಳು, ಇದ್ದಿಲು ತುಂಬಿದಳು, ಕಡ್ಡಿ ಗೀರಿದಳು...

ಗಿರಿಜೆ ಉಸಿರಿಗೆಂದು ನಿಂತಳು.

“ಒಲೆ ಹೊತ್ತಲಿಲ್ಲ,” ಎಂದುಬಿಟ್ಟರು ಇಂದುಮತಮ್ಮ.

“ಸುತ್ತ ಕೂತ ದೇವರುಗಳು,” ಬಾಗಿಲಿನಿಂದ ದಪ್ಪ ದನಿಯೊಂದು ಸೇರಿಕೊಂಡಿತು, “ಒಬ್ಬರ ಮುಖ ಒಬ್ಬರು ನೋಡಿದರು.”

ಗಿರಿಜೆ ತಲೆಯೆತ್ತಲಿಲ್ಲ. ಎತ್ತಿದ್ದರೆ ನಗು ಸಿಕ್ಕಿಬೀಳುತ್ತಿತ್ತು.

“ಈ ಸಲ ಯಾರು ಹಾರ್ತಾರವಾ?” ಲಿಂಗರಾಜ ಕೇಳಿದರು.

“ರಾಜ್ಯೋತ್ಸವದ ದಿನ ಹೇಳ್ತೀನಿ ಸಾರ್.”

ಸ್ಟೇಷನ್ನಿನ ಕಡೆಯಿಂದ ಅಹಮದಾಬಾದಿನ ಗಾಡಿ ಕೂಗಿ ಹೊರಟಿತು. ಲಿಂಗರಾಜ ಚಪ್ಪಲಿ ಕಳಚಿ, ಒಳಗೆ ಬಂದು, ಚಕ್ಕಳಮಕ್ಕಳ ಹಾಕಿಕೊಂಡು ಕೂತರು.