ಮಂಗಳದ ಗೋಡೆ

ಮಂಗಳ ಗ್ರಹದ ಮೇಲೆ ಗೋಡೆಯೊಂದಿದೆ ಎಂಬ ಗಹನ ವಿಚಾರವನ್ನು ಬಿಡದಿ ಕಡೆಯ ಒಂದು ಗ್ರಾಮ ಪಂಚಾಯ್ತಿ ಆ ಸೋಮವಾರದ ಸಭೆಯಲ್ಲಿ ಕೈಗೆತ್ತಿಕೊಂಡಿತು. ನಲ್ಲಿ ನೀರು, ಬೀದಿದೀಪ ಮುಂತಾದ ಚಿಲ್ಲರೆ ಸಂಗತಿಗಳು ಮುಂದಕ್ಕೆ ಹೋದವು.

ಅಧ್ಯಕ್ಷ ಪ್ರಭುಲಿಂಗ ಪೇಪರಿನಿಂದ ಕತ್ತರಿಸಿ ತಂದ ಚಿತ್ರವನ್ನು ಮೇಜಿನ ಮೇಲೆ ಹರಡಿ ಭೂತಗನ್ನಡಿ ಹಿಡಿದರು. ಕೆಂಪು ನೆಲ; ಅದರ ಮೇಲೊಂದು ಕಪ್ಪು ಗೀರು.

"ನೋಡ್ಲಾ ಬೈರಪ್ಪ, ದಾರ ಹಿಡಿದು ಕಟ್ದಂಗೈತೆ. ಕಲ್ಲು ತಾನಾಗೇ ಹಿಂಗೆ ನಿಂತ್ಕತದಾ?"

"ಒಳಗಡೆ ಏನಿದ್ದದು ಸಾಮಿ?" ಎಂದ ಸದಸ್ಯ ಬೈರಪ್ಪ.

"ಕಾಂಪೌಂಡ್ ಐತೆ ಅಂದ್ಮೇಲೆ ಫ್ಯಾಕ್ಟ್ರಿ ಇರ್ಲೇಬೇಕು."

"ಹಂಗಾದ್ರೆ ಅಲ್ಲೂ ಜಮೀನು ರೇಟು ಏರ್ಬುಟ್ಟಿರ್ತದೆ ಬುಡಿ."

"ಅಲ್ಲಿ ಯಾರ ದಾರಿಗೆ ಅಡ್ಡ ಕಟ್ಟವ್ರೆ ಸಾಮಿ?"

ಕೇಳಿದವಳು ಬೆಳಗಿನಿಂದ ಬಾಗಿಲಲ್ಲಿ ನಿಂತಿದ್ದ ಚಿಕ್ಕಲಕ್ಷ್ಮಮ್ಮ. ಒಳಗೆ ಬಂದು ತಾನು ತೆಗೆಸಿದ್ದ ಫೋಟೊವನ್ನು ಮಂಗಳದ ಪಕ್ಕದಲ್ಲೇ ಇಟ್ಟಳು. ಊರಾಚೆ ಎದ್ದ ಹೊಸ ಕಾರ್ಖಾನೆ ಆಕೆಯ ಗಾಡಿದಾರಿಯನ್ನೂ ಸೇರಿಸಿಕೊಂಡು ಗೋಡೆ ಎಬ್ಬಿಸಿತ್ತು. ಗೋಡೆಯಾಚೆ ಅವಳ ಹಿಪ್ಪುನೇರಳೆ ತೋಟ. ಈಚೆ ಮನೆ ತುಂಬ ಹಸಿದ ರೇಷ್ಮೆ ಹುಳ. ತೋಟಕ್ಕೆ ಬೇರೆ ದಾರಿಯಿಲ್ಲ.

ಪ್ರಭುಲಿಂಗ ಭೂತಗನ್ನಡಿಯನ್ನು ಕೆಳಗಿಟ್ಟು, ಫೋಟೊವನ್ನು ತೋಳುದ್ದ ದೂರ ಹಿಡಿದು ನೋಡಿದರು. ಆ ಗೋಡೆಗೆ ಇಟ್ಟಿಗೆ ಸಾಗಿಸಿದ್ದು ಅವರದೇ ಟ್ರ್ಯಾಕ್ಟರು.

"ಫೋಟೊ ನಂಬಕಾಗಕಿಲ್ಲ ಕಣಮ್ಮ. ಇದು ನೆರಳಾಗಿದ್ರೂ ಇರ್ಬೋದು."

"ನೆರಳಿನ ಮೇಲೆ ಗಾಜಿನ ಚೂರು ನೆಟ್ಟವ್ರಲ್ಲ ಸಾಮಿ!"

"ತಿಳಿದೋರು ಬಂದು ನೋಡ್ಬೇಕು. ಇಂಥದ್ರಲ್ಲಿ ಆತುರ ಪಡಬಾರ್ದು."

"ಹುಳಕ್ಕೆ ಅದೆಲ್ಲ ಗೊತ್ತಾಯ್ತದಾ? ನೀವೇ ಒಸಿ ಎದ್ದು ಬನ್ನಿ. ಕೂಗಿದ್ರೆ ಕೇಳೋವಷ್ಟು ದೂರ."

ಪ್ರಭುಲಿಂಗ ಏಳಲಿಲ್ಲ. ಕೋಟ್ಯಂತರ ಮೈಲಿ ಆಚೆಯ ಗೋಡೆ ಉಂಟೆಂದು ಸಭೆ ಕೈಯೆತ್ತಿ ಒಪ್ಪಿತು. ಈಚಿನದನ್ನು ಪರಿಶೀಲನೆಗೆ ಬಿಟ್ಟಿತು.

ಮಂಗಳದ ಚಿತ್ರಕ್ಕೆ ಕಟ್ಟು ಹಾಕಿಸಿ ಅಧ್ಯಕ್ಷರ ಕುರ್ಚಿಯ ಹಿಂದೆ ನೇತುಹಾಕಿದರು.

ಚಿಕ್ಕಲಕ್ಷ್ಮಮ್ಮನ ಹುಳ ಆ ಸಲ ಗೂಡು ಕಟ್ಟಲಿಲ್ಲ.