ಖೈರು ಖಾಲಾ ಕಾಯ್ದ ಗುಟ್ಟು

ಖೈರುನ್ನೀಸಾ ಹುಬ್ಬಳ್ಳಿಯಿಂದ ಮದುವೆಯಾಗಿ ಇಂಗ್ಲೆಂಡಿಗೆ ಬಂದು ಮೂವತ್ತೊಂದು ವರ್ಷ. ಅಲ್ಲಿ ಆಕೆ ಇರುವ ಊರಿನ ಮುಸ್ಲಿಂ ಮನೆಗಳಿಗೆಲ್ಲ ಆಕೆ ‘ಖೈರು ಖಾಲಾ’... ಅಂದರೆ ಚಿಕ್ಕಮ್ಮ.

ತೀರಿಕೊಂಡ ಹೆಂಗಸರಿಗೆ ಮಸೀದಿಯ ಹಿಂದಿನ ಕೋಣೆಯಲ್ಲಿ ಕಡೆಯ ಸ್ನಾನ ಮಾಡಿಸಿ, ಕಫನ್ ಬಟ್ಟೆ ಸುತ್ತಿ ಕಳಿಸುವ ಕೆಲಸ ಆಕೆಯದು.

ಆ ಕೆಲಸಕ್ಕೊಂದು ಕಟ್ಟಳೆ ಇದೆ. ತೊಳೆಯುವಾಗ ಮೈಮೇಲೆ ಏನು ಕಂಡರೂ ಹೊರಗೆ ಹೇಳಕೂಡದು. ಸತ್ತವರ ಮಾನ ತೊಳೆದವರ ಬಾಯಲ್ಲಿರುತ್ತದೆ.

ಖೈರು ಖಾಲಾ ಒಂದು ದಿನವೂ ಬಾಯಿ ಬಿಟ್ಟವಳಲ್ಲ. ಅದೇ ಆಕೆಯ ಹೆಮ್ಮೆ...

ಆ ಗುರುವಾರ ಬೆಳಿಗ್ಗೆ ಹಲಗೆಯ ಮೇಲೆ ಮಲಗಿದ್ದವಳು ರಾಹಿಲಾ. ವಯಸ್ಸು ಮೂವತ್ತೆಂಟು. ಕ್ಯಾನ್ಸರ್.

ನೀರು ಹಾಕಲು ಖಾಲಾಳ ಪಕ್ಕದ ಮನೆಯ ತಸ್ಲೀಮ್ ಬಂದಿದ್ದಳು. ಹಾವೇರಿ ಕಡೆಯ ಹುಡುಗಿ, ಈ ದೇಶಕ್ಕೆ ಬಂದು ಎರಡೇ ವರ್ಷ. ಕೈ ಕೂಡಿಸಲು ಲಾಹೋರಿನ ಇನ್ನೊಬ್ಬ ಹೆಂಗಸಿದ್ದಳು.

“ತೋಳು ಮ್ಯಾಲೇರಿಸ್ಕೋ ಅವ್ವಾ, ತೊಯ್ಸಿಕೋತಿ,” ಅಂದಳು ಖಾಲಾ.

“ಇರ್ಲಿ ಬಿಡ್ರಿ ಖಾಲಾ, ಥಂಡಿ ಐತಿ.”

ಕೋಣೆಯಲ್ಲಿ ಹೀಟರ್ ಉರಿಯುತ್ತಿತ್ತು...

ಮೈ ಹೊರಳಿಸಿದಾಗ ರಾಹಿಲಾಳ ಬೆನ್ನು ಕಂಡಿತು.

ಗುಂಡಗಿನ ಸುಟ್ಟ ಕಲೆಗಳು. ಹಳೆಯವು. ಒಂದರ ಪಕ್ಕ ಒಂದು, ಸೊಂಟದವರೆಗೂ... ಕ್ಯಾನ್ಸರ್ ಇಂಥ ಕಲೆ ಮಾಡುವುದಿಲ್ಲ. ಸಿಗರೇಟು ಮಾಡುತ್ತದೆ.

ಖಾಲಾಳ ಕೈ ನಿಂತುಹೋಯಿತು.

ಏಳು ವರ್ಷದ ಹಿಂದೆ ಇದೇ ರಾಹಿಲಾ ಒಂದು ಮಧ್ಯಾಹ್ನ ಖಾಲಾಳ ಅಡುಗೆಮನೆಗೆ ಬಂದು ಕೂತಿದ್ದಳು. ಕೋಟಿನ ಗುಂಡಿ ಕೂಡ ಬಿಚ್ಚಿರಲಿಲ್ಲ. ಆ ಮನೆಯಲ್ಲಿ ಇನ್ನು ನನ್ನ ಕೈಲಾಗುವುದಿಲ್ಲ ಎಂದು ಅರ್ಧ ಹೇಳಿ, ಅರ್ಧ ನುಂಗಿದ್ದಳು.

ಏನಾಯಿತು ಎಂದು ಖಾಲಾ ಕೇಳಲಿಲ್ಲ.

“ಸಬರ್ ಮಾಡವ್ವಾ. ತಾಳಿದವರು ಬಾಳ್ಯಾರು. ಮನಿ ಮಾತು ಮನ್ಯಾಗ ಇರ್ಲಿ.”

ಹಾಗೆಂದು ತಾನೇ ಕೈಹಿಡಿದು ಗಂಡನ ಬಾಗಿಲಿಗೆ ಬಿಟ್ಟು ಬಂದಿದ್ದಳು. ಒಂದು ಮನೆ ಉಳಿಸಿದೆ ಅಂದುಕೊಂಡು ಆ ದಿನ ಕಣ್ತುಂಬ ನಿದ್ದೆ ಮಾಡಿದ್ದಳು.

ತಾಳಿದವಳು ಈಗ ಹಲಗೆಯ ಮೇಲಿದ್ದಳು...

ಖಾಲಾ ಅಭ್ಯಾಸದಂತೆ ಬೆನ್ನಿನ ಮೇಲೆ ಬಿಳಿ ಬಟ್ಟೆ ಎಳೆದಳು. ತುಟಿ ಬಿಗಿದಳು.

ಅದನ್ನು ತಸ್ಲೀಮ್ ನೋಡುತ್ತಿದ್ದಳು. ಉರ್ದುವಿನಲ್ಲಿ ಮಾತಾಡಿದರೆ ಲಾಹೋರಿನವಳಿಗೆ ತಿಳಿಯುತ್ತಿತ್ತು. ಅದಕ್ಕೇ ಮೆಲ್ಲಗೆ ಕನ್ನಡದಲ್ಲಿ ಕೇಳಿದಳು.

“ಖಾಲಾ... ನಾ ಸತ್ತಾಗನೂ ನೀವಾ ತೊಳೀತೀರಲ್ರಿ?”

“ಹುಚ್ಚಿ, ನಾ ಅರವತ್ತರಾಕಿ. ನೀನಾ ನನಗ ನೀರು ಹಾಕಾಕಿ. ಯಾಕ ಹಂಗ ಕೇಳ್ತಿ?”

“ನೀವು ಯಾರಿಗೂ ಹೇಳಂಗಿಲ್ಲ, ಗೊತ್ತೈತ್ರಿ. ಆದ್ರೂ... ಒಬ್ಬರಿಗರ ಗೊತ್ತಾಗತೈತಲ್ಲ.”

ಒದ್ದೆಯಾದ ಅಂಗಿಯ ತೋಳು ತಸ್ಲೀಮಳ ಕೈಗೆ ಅಂಟಿಕೊಂಡಿತ್ತು. ತೆಳುವಾದ ಬಟ್ಟೆಯಡಿ ನಾಲ್ಕು ಬೆರಳಿನ ಗುರುತು... ಇನ್ನೂ ನೀಲಿಯಾಗಿತ್ತು.

ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿ ಖಾಲಾ ತನ್ನನ್ನೇ ಕೇಳಿಕೊಂಡಳು. ಈ ಕಲೆಗಳು ಯಾರ ಗುಟ್ಟು? ಮಲಗಿದವಳದೋ... ಸಿಗರೇಟು ಹಿಡಿದವನದೋ?

ಕೈ ಕೆಲಸ ಮುಗಿಸಿತು. ಕರ್ಪೂರದ ನೀರು, ಕೂದಲಿಗೆ ಮೂರು ಜಡೆ, ಐದು ಬಟ್ಟೆ. ಕಡೆಯ ಗಂಟು ಹಾಕುವ ಮೊದಲು ರಾಹಿಲಾಳ ಕಿವಿಯ ಹತ್ತಿರ ಬಾಗಿ, “ಮಾಫ್ ಮಾಡವ್ವಾ,” ಅಂದಳು.

ರಾಹಿಲಾ ಮಾಡಿದೆ ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ...

ಹೊರಗೆ ಕಾರಿನ ಹಾರ್ನ್ ಕೇಳಿಸಿತು. ತಸ್ಲೀಮಳ ಗಂಡ. ಆ ಸದ್ದಿಗೆ ಅವಳ ಹೆಗಲು ಕುಗ್ಗಿದ್ದನ್ನು ಖಾಲಾ ಕಂಡಳು.

“ಏನ್ ಮಾಡೂಣು ಮಗಳ? ನೀ ಹೆಂಗ ಹೇಳ್ತಿ ಹಂಗ.”

ತಸ್ಲೀಮ್ ಒದ್ದೆ ತೋಳನ್ನು ಮಣಿಕಟ್ಟಿನವರೆಗೂ ಎಳೆದುಕೊಂಡಳು.

“ಇವತ್ತೊಂದಿನ ನಿಮ್ಮನ್ಯಾಗ ಮಲ್ಕೊಳ್ಳಲೇನ್ರಿ? ಒಂದಾ ದಿನ...”

ಖಾಲಾ ಅವಳ ಮುಂದೆ ನಡೆದು ಕಾರಿನ ಹತ್ತಿರ ಹೋದಳು. ಮಸೀದಿಯ ಅಂಗಳದ ತುಂಬ ಅಂತ್ಯಕ್ರಿಯೆಗೆ ಬಂದ ಜನ. ಗಂಡ ಗಾಜು ಇಳಿಸಿ, ವಿಷಯ ಕೇಳಿ ನಕ್ಕ.

“ಹೆಣಾ ತೊಳಿಯೋರಿಗೆ ಸಂಸಾರದ ಉಸಾಬರಿ ಯಾಕ್ರಿ ಖಾಲಾ?”

“ಹೌದಪ್ಪಾ, ಹೆಣಾ ತೊಳಿಯಾಕಿನ. ಅದಕ್ಕ ಹೇಳಾಕತ್ತೀನಿ. ಇಕೀನ ನಾಲ್ಕು ಮಂದಿ ಹೊತ್ಕೊಂಡು ನನ್ನ ಹತ್ರ ತರೋದು ಬ್ಯಾಡ. ಇವತ್ತ ತಾನಾ ನಡಕೊಂಡು ಬರ್ಲಿ.”

ಅಂಗಳದ ಜನರೆಲ್ಲ ಕಾರಿನತ್ತ ತಿರುಗಿದರು.

“ಮನಿ ಮಾತು ಬೀದಿಗೆ ತರ್ತೀಯಲ್ಲ ಖೈರು,” ಎಂದು ಹಿರಿಯಳೊಬ್ಬಳು ಗೊಣಗಿದಳು. ಖಾಲಾ ತಿರುಗಿ ನೋಡಲಿಲ್ಲ. ಅವಳು ನೋಡುತ್ತಿದ್ದುದು ತಸ್ಲೀಮಳ ಕಾಲುಗಳನ್ನು... ಕಾರಿನತ್ತ ಹೋಗುತ್ತವೋ, ತನ್ನತ್ತ ಬರುತ್ತವೋ.

ಬಂದವು...

ಮನೆಗೆ ಬಂದು ಚಹಾ ಇಳಿಸುವಷ್ಟರಲ್ಲಿ ತಸ್ಲೀಮ್ ಸೋಫಾದ ಮೇಲೆ ನಿದ್ದೆ ಹೋಗಿದ್ದಳು. ಹೊರಗೆ ಇನ್ನೂ ಬಿಸಿಲಿತ್ತು.

ಎದ್ದ ಮೇಲೆ ಬೇಕಾದರೆ ಅವಳೇ ಫೋನ್ ಮಾಡಲಿ ಎಂದು ಹೆಂಗಸರ ಹೆಲ್ಪ್‌ಲೈನ್ ನಂಬರನ್ನು ಚೀಟಿಯಲ್ಲಿ ಬರೆದು ಖಾಲಾ ಮೇಜಿನ ಮೇಲಿಟ್ಟಳು. ಆಮೇಲೆ ಎದುರಿಗೆ ಕುರ್ಚಿ ಎಳೆದು ಕೂತಳು.

ಕಣ್ಣು ಮುಚ್ಚಿ ಮಲಗಿದ ಎಷ್ಟೋ ಹೆಣ್ಣುಮುಖಗಳನ್ನು ಆಕೆ ಹತ್ತಿರದಿಂದ ನೋಡಿದ್ದಳು.

ಈ ಮುಖದಲ್ಲಿ ಉಸಿರಿತ್ತು... ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು.

ಖಾಲಾ ಸೆರಗು ಬಾಯಿಗೊತ್ತಿಕೊಂಡು, ಸದ್ದಾಗದಂತೆ ಅತ್ತಳು.

*

ಹೊಡೆಸಿಕೊಂಡವಳ ಮಾನ ಕಾಯುತ್ತೇವೆಂದು ನಾವು ಮುಚ್ಚಿಡುವುದೆಲ್ಲ ಹೊಡೆದವನ ಮಾನ.

ನಿಮ್ಮ ಹತ್ತಿರ ಬಂದು ಅರ್ಧ ಮಾತಾಡಿ, ಅರ್ಧ ನುಂಗಿ ಎದ್ದುಹೋದವರು ಯಾರಾದರೂ ನೆನಪಾಗುತ್ತಿದ್ದಾರೆಯೇ... ಉಳಿದರ್ಧವನ್ನು ಇವತ್ತು ಕೇಳುತ್ತೀರಾ?