ಅಣ್ಣನ ಪಾಲು

ಕುಡಿದು ಲಿವರ್ ಕೆಡಿಸಿಕೊಂಡಿದ್ದ ತಮ್ಮ ಈರಪ್ಪನಿಗೆ ತನ್ನ ಲಿವರಿನ ಒಂದು ಪಾಲು ಕೊಟ್ಟು ಉಳಿಸಿಕೊಳ್ಳಲು ಸಂಗಪ್ಪ ಆಸ್ಪತ್ರೆಗೆ ಬಂದಿದ್ದ. ಬಂದಿದ್ದನೇ ಹೊರತು ಅವನ ಸಿಟ್ಟು ಇಳಿದಿರಲಿಲ್ಲ.

“ನಮ್ಮ ಮನೆತನದಾಗ ಯಾರೂ ಹೆಂಡ ಮುಟ್ಟಿದವ್ರಲ್ಲ. ನೀ ಒಬ್ಬಾವ ಎಲ್ಲಿಂದ ಹುಟ್ಟಿ ಬಂದ್ಯೋ?” ಎಂದು ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲೇ ಗದರಿದ. “ಅವ್ವ ನಿನ್ನ ಕೊರಗಿನಾಗ ಸತ್ಲು.”

“ಹೌದಣ್ಣ,” ಎಂದ ಈರಪ್ಪ. ಕುಡಿತ ಬಿಟ್ಟು ವರ್ಷ ದಾಟಿದ್ದನ್ನು ಅವನು ಹೇಳಿಕೊಳ್ಳಲಿಲ್ಲ.

ಡಾಕ್ಟರು ಮೊದಲು ಈರಪ್ಪನ ಹೊಟ್ಟೆಯ ಮೇಲೆ ಯಂತ್ರ ಆಡಿಸಿದರು. “ಪರವಾಗಿಲ್ಲ. ಲಿವರಿಗೆ ಹೋಗೋ ರಕ್ತ ಮೊದಲಿಗಿಂತ ಸರಾಗವಾಗಿ ಹರೀತಿದೆ. ಸದ್ಯಕ್ಕೆ ಆಪರೇಷನ್ ಬೇಡದೇ ಇರಬಹುದು,” ಎಂದರು. ಸಂಗಪ್ಪನಿಗೆ ಒಳಗೊಳಗೇ ಜೀವ ಬಂದಂತಾಯಿತು. ಮುಖ ಮಾತ್ರ ಸಡಿಲಿಸಲಿಲ್ಲ.

“ಹೇಗೂ ಬಂದಿದ್ದೀರಿ, ನಿಮ್ಮದನ್ನೂ ನೋಡಿಬಿಡೋಣ,” ಎಂದು ಡಾಕ್ಟರು ಅವನನ್ನು ಕರೆದರು.

ಸಂಗಪ್ಪ ಅಂಗಿ ಎತ್ತಿ ಮಲಗಿದ. ಡಾಕ್ಟರ ಕೈ ಒಂದು ಕಡೆ ನಿಂತಿತು, ಮುಂದೆ ಹೋಗಿ ಮತ್ತೆ ಅಲ್ಲಿಗೇ ಬಂತು.

“ಕುಡೀತೀರಾ?”

“ದೇವರಾಣಿಗೂ ಇಲ್ರೀ.”

“ಸಕ್ಕರೆ ಕಾಯಿಲೆ?”

“ಅದು ಭಾಳ ವರ್ಷದಿಂದ ಐತ್ರೀ.”

ಡಾಕ್ಟರು ದನಿ ತಗ್ಗಿಸಿದರು. “ಲಿವರ್ ರೋಗ ಕುಡಿಯದವರಿಗೂ ಸಕ್ಕರೆ ಕಾಯಿಲೆಯಿಂದ ಬರುತ್ತೆ. ನಿಮ್ಮ ಲಿವರ್ ತಮ್ಮನದಕ್ಕಿಂತ ಗಟ್ಟಿಯಾಗಿಹೋಗಿದೆ. ರಕ್ತ ಒಳಗೆ ಹೋಗೋಕೆ ದಾರಿ ಸಿಗದೆ ಹಿಂದಕ್ಕೆ ಹರೀತಿದೆ. ನಿಮಗೇ ಬೇರೆ ಲಿವರ್ ಹಾಕಬೇಕಾಗುತ್ತೆ.”

ಸಂಗಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಈರಪ್ಪ ಮೂಲೆಯ ಸ್ಟೂಲಿನಿಂದ ಎದ್ದುಬಂದು ಅವನ ಅಂಗಿಯನ್ನು ಮೆಲ್ಲಗೆ ಕೆಳಗೆಳೆದು ಹೊಟ್ಟೆ ಮುಚ್ಚಿದ.

“ಡಾಕ್ಟ್ರ, ನನ್ನ ಲಿವರಿನಾಗ ಅಣ್ಣಗ ಕೊಡಾಕ ಬರೋವಂಥಾದ್ದು ಒಂದೀಟಾದ್ರೂ ಐತೇನ್ರೀ?”